ತೋನ್ಸೆಪಾರಿನ ಕಲ್ಲುಕಂಬಗಳು

ಮಲ್ಪೆ ಬಂದರಿನಿಂದ ದೋಣಿ ಹೊರಟು ಸ್ವಲ್ಪ ಹೊತ್ತಿಗೆಲ್ಲ ಮೀನಿನ ವಾಸನೆ ಹಿಂದುಳಿಯುತ್ತದೆ. ಎದುರಿಗೆ ತೆಂಗಿನ ಮರಗಳ ಒಂದು ಸಾಲು ನೀರಿನ ಮೇಲೆ ತೇಲಿದಂತೆ ಕಾಣತೊಡಗುತ್ತದೆ. ಇನ್ನೂ ಹತ್ತಿರವಾದರೆ ಆ ಸಾಲಿನ ಬುಡದಲ್ಲಿ ಕಪ್ಪು ಅಂಚು. ಮೊದಲ ಸಲ ಹೋದಾಗ ಅದನ್ನು ಯಾರೋ ಕಟ್ಟಿ ಪಾಳುಬಿಟ್ಟ ಕೋಟೆಯ ಗೋಡೆ ಎಂದುಕೊಂಡಿದ್ದೆ. ಇಳಿದು ಹತ್ತಿರ ನಿಂತಾಗ ತಿಳಿಯಿತು, ಇದು ಕಟ್ಟಿದ್ದಲ್ಲ. ಐದು ಮೂಲೆ, ಆರು ಮೂಲೆ, ಅಲ್ಲಲ್ಲಿ ಏಳು ಮೂಲೆಯ ಕಂಬಗಳು ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಒಂದರ ನೆತ್ತಿಯ ಮೇಲೆ ಅಂಗೈ ಊರಿದರೆ ಅಂಚುಗಳು ಬಡಗಿ ಕೊರೆದಷ್ಟು ನೇರ.

ಉಡುಪಿಯವರು ಸೇಂಟ್ ಮೇರಿಸ್ ದ್ವೀಪ ಎನ್ನುವ, ಹಳಬರ ಬಾಯಲ್ಲಿ ತೋನ್ಸೆಪಾರ್ ಆಗಿರುವ ಜಾಗ ಇದು. ದ್ವೀಪ ಒಂದಲ್ಲ, ದಡಕ್ಕೆ ಸಮಾನಾಂತರವಾಗಿ ಹಬ್ಬಿದ ಒಂದು ಮಾಲೆ. ಅದರಲ್ಲಿ ದೊಡ್ಡವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದಕ್ಷಿಣ ದ್ವೀಪ ಮತ್ತು ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ ಕೋಟೆಯಿಂದ ಹೆಸರು ಪಡೆದ ದರಿಯಾ ಬಹದ್ದೂರ್‌ಗಡ. ಪ್ರವಾಸಿಗರು ಹೋಗುವುದು ತೆಂಗಿನ ದ್ವೀಪಕ್ಕೆ. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್ ಆಸುಪಾಸು. ಮರಳು ಕಡಿಮೆ, ಕಾಲಿಗೆ ಸಿಗುವುದೆಲ್ಲ ಪುಡಿಪುಡಿಯಾದ ಚಿಪ್ಪು.

ಹೆಸರಿನ ಕತೆಯನ್ನು ಮುಗಿಸಿಬಿಡೋಣ. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಹೋಗುವ ಮೊದಲು ಇಲ್ಲಿ ಇಳಿದ ಎಂದು ಊರಲ್ಲಿ ಹೇಳುವುದುಂಟು. ಆದರೆ ಅವನ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿಯಲ್ಲಿ ಕ್ರಮ ಬೇರೆ. ಗಾಮಾ ಕಲ್ಲಿಕೋಟೆಯ ಬಳಿ ಬಂದದ್ದು 1498ರ ಮೇ ತಿಂಗಳಲ್ಲಿ. ಅಲ್ಲಿಂದ ಮರಳುವಾಗ, ಸೆಪ್ಟೆಂಬರ್‌ನಲ್ಲಿ, ದಡಕ್ಕೆ ಹತ್ತಿರದ ಕೆಲವು ಸಣ್ಣ ದ್ವೀಪಗಳು ಸಿಕ್ಕವು. ದೋಣಿಗಳಲ್ಲಿ ಮೀನು ತಂದ ಜನರಿಗೆ ಅವನು ಅಂಗಿಗಳನ್ನು ಕೊಟ್ಟ. ಪೋರ್ಚುಗಲ್ ದೊರೆ ಕೊಟ್ಟು ಕಳಿಸಿದ್ದ ಮೂರು ಗುರುತಿನ ಕಂಬಗಳಲ್ಲಿ ಉಳಿದಿದ್ದ ಕೊನೆಯದನ್ನು ಅಲ್ಲೊಂದು ದ್ವೀಪದಲ್ಲಿ ನಿಲ್ಲಿಸಿದ. ಆ ಕಂಬಕ್ಕೆ ಇಟ್ಟಿದ್ದ ಹೆಸರು ಸಾಂತಾ ಮರಿಯ. ದಿನಚರಿಯಲ್ಲಿ ಮಲ್ಪೆಯ ಹೆಸರಿಲ್ಲ. ದ್ವೀಪಕ್ಕೆ ಹೆಸರು ಮಾತ್ರ ಅಂಟಿತು, ಗಾಮಾನ ಕಂಬ ಇವತ್ತು ಅಲ್ಲಿ ಕಾಣಸಿಗುವುದಿಲ್ಲ. ತಾವಾಗಿಯೇ ಎದ್ದ ಇಷ್ಟೊಂದು ಕಂಬಗಳ ನಡುವೆ ಒಬ್ಬ ನಾವಿಕ ನೆಟ್ಟ ಒಂದು ಕಂಬದ ಕತೆಯನ್ನೇ ನಾವು ಮತ್ತೆ ಮತ್ತೆ ಹೇಳುತ್ತೇವಲ್ಲ ಎಂದು ನನಗೆ ಬೇಸರವಾಗುತ್ತದೆ.

ಏಕೆಂದರೆ ಕಲ್ಲು ಹೇಳುವ ಕತೆ ಅದಕ್ಕಿಂತ ಬಹಳ ದೊಡ್ಡದು. ನಮ್ಮ ನೆಲಕ್ಕೂ ಮಡಗಾಸ್ಕರ್‌ಗೂ ನಡುವೆ ಒಂದು ಕಾಲದಲ್ಲಿ ಸಮುದ್ರವೇ ಇರಲಿಲ್ಲ. ಎರಡೂ ಒಂದೇ ತುಂಡು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಆ ತುಂಡು ಸೀಳತೊಡಗಿತು. ಭೂಮಿಯ ಒಳಗಿನ ಬೆಂಕಿ ಮೇಲಕ್ಕೆ ನುಗ್ಗಿ ಸೀಳಿನ ಎರಡೂ ಬದಿಗೆ ಲಾವಾ ಹರಿಯಿತು. ಆ ಬದಿಯದು ಇಂದು ಮಡಗಾಸ್ಕರ್‌ನ ಕರಾವಳಿಯ ಬಂಡೆಗಳಲ್ಲಿದೆ, ಈ ಬದಿಯ ಒಂದು ಚೂರು ಮಲ್ಪೆಯ ಎದುರಿಗಿದೆ. ಎರಡೂ ಕಡೆಯ ಕಲ್ಲಿನ ವಯಸ್ಸನ್ನು ಪ್ರಯೋಗಾಲಯದಲ್ಲಿ ಅಳೆದಾಗ ಲೆಕ್ಕ ಹತ್ತಿರ ಹತ್ತಿರ ಕೂಡಿತು. ಬೇರೆಯಾದ ಮನೆಯ ಎರಡು ಪಾಲುಗಳಲ್ಲಿ ಒಂದೇ ಗೋಡೆಯ ಗುರುತು ಉಳಿದಂತೆ. ಮಹಾರಾಷ್ಟ್ರದಿಂದ ಬೆಳಗಾವಿ, ವಿಜಯಪುರದವರೆಗೆ ಹಬ್ಬಿದ ದಖನ್‌ನ ಕಪ್ಪು ಕಲ್ಲು ಬಂದದ್ದು ಇದಾದ ಎರಡು ಕೋಟಿ ವರ್ಷಗಳ ಮೇಲೆ. ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ, ಹಾಗಲ್ಲ. ದಖನ್‌ನದು ಬಸಾಲ್ಟ್. ದ್ವೀಪದ್ದು ಸಿಲಿಕಾ ಹೆಚ್ಚಿರುವ, ರಯೋಲೈಟ್ ಜಾತಿಗೆ ಸೇರಿದ ಕಲ್ಲು.

ಕಂಬಗಳು ಮೂಡಿದ ಬಗೆ ತಿಳಿಯಬೇಕಾದರೆ ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳ ನೆನಪಿಸಿಕೊಳ್ಳಿ. ಕೆಸರು ಒಣಗಿದಂತೆ ಕುಗ್ಗುತ್ತದೆ, ಕುಗ್ಗಿದಂತೆ ಬಿರಿಯುತ್ತದೆ. ಲಾವಾ ಕೂಡ ಆರುತ್ತಾ ಕುಗ್ಗುತ್ತದೆ. ಮೊದಲು ಮೇಲ್ಮೈ ಆರಿ ಅಲ್ಲಲ್ಲಿ ಬಿರುಕು ಮೂಡುತ್ತದೆ. ಒಳಗಿನ ಬಿಸಿ ಇಳಿದಂತೆಲ್ಲ ಬಿರುಕೂ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಒಳಗೆ ಸಾಗುತ್ತದೆ. ಸೆಳೆತ ಎಲ್ಲ ದಿಕ್ಕಿಗೂ ಸಮನಾಗಿದ್ದರೆ ಒಂದು ಬಿಂದುವಿನಿಂದ ಮೂರು ಬಿರುಕು ಸಮಕೋನ ಬಿಟ್ಟು ಹೊರಡುತ್ತವೆ. ಅಂಥ ಬಿಂದುಗಳು ಒಂದನ್ನೊಂದು ಕೂಡಿದಾಗ ಆಗುವ ಆಕಾರವೇ ಆರು ಮೂಲೆ, ಜೇನುಹುಟ್ಟಿನ ಕೋಣೆಯಂತೆ. ಸೆಳೆತ ಸ್ವಲ್ಪ ಏರುಪೇರಾದಲ್ಲಿ ಐದೋ ಏಳೋ ಆಯಿತು. ಆರುವುದು ನಿಧಾನವಾದಷ್ಟೂ ಕಂಬ ದಪ್ಪ. ಇಳಿತದ ಹೊತ್ತಿಗೆ ನೀರಂಚಿನಲ್ಲಿ ನಿಂತರೆ ಇಡೀ ವಿದ್ಯೆ ಕಾಲಬುಡದಲ್ಲೇ ಕಾಣುತ್ತದೆ: ಅಲೆ ಸವೆಸಿ ಚಪ್ಪಟೆ ಮಾಡಿದ ಕಂಬದ ತಲೆಗಳು ನೆಲಕ್ಕೆ ಹಾಸಿದ ಕಲ್ಲಿನಂತೆ, ಸಂದಿಸಂದಿಯಲ್ಲಿ ಉಪ್ಪುನೀರು, ಆ ನೀರಲ್ಲಿ ಸರಕ್ಕನೆ ಅಡಗುವ ಬೆರಳುಗಾತ್ರದ ಏಡಿ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಅದೇ ಗೌರವ ಸಿಕ್ಕಿದೆ. ಬೇಲೂರಿನ ಗುಡಿಗೆ ಹೋದಾಗ ನಾವು ಧ್ವನಿ ತಗ್ಗಿಸುತ್ತೇವೆ, ಶಿಲ್ಪಕ್ಕೆ ಉಗುರು ತಾಗಿಸುವುದಿಲ್ಲ. ಇಲ್ಲಿ ಮಾತ್ರ ಕಂಬಗಳ ಮೇಲೆ ಹೆಸರು ಗೀಚುತ್ತೇವೆ, ಹೃದಯ ಬರೆದು ಬಾಣ ಹಾಕುತ್ತೇವೆ, ಬಾಟಲಿಯನ್ನು ಸಂದಿಗೆ ತುರುಕಿ ಬರುತ್ತೇವೆ. ಕೆತ್ತಿದವನ ಹೆಸರಿಲ್ಲದ ಕಾರಣಕ್ಕೆ ಈ ಕಲ್ಲು ಅಗ್ಗವಾಗಬಾರದಿತ್ತು.

ಮಳೆಗಾಲದ ನಾಲ್ಕು ತಿಂಗಳು ಪ್ರವಾಸಿ ದೋಣಿಗಳಿಲ್ಲ. ಕಡಲು ತಣ್ಣಗಾದ ಮೇಲೆ, ಅಕ್ಟೋಬರ್ ಕಳೆದು, ಇಳಿತದ ವೇಳೆ ಕೇಳಿಕೊಂಡು ಹೋಗಿ. ಪಾಚಿ ಹಿಡಿದ ಕಂಬಗಳು ವಿಪರೀತ ಜಾರುತ್ತವೆ, ಸೆಲ್ಫಿಯ ಆಸೆಗೆ ಅಂಚಿಗೆ ಹೋಗಿ ಅಲೆಯ ಪಾಲಾದವರಿದ್ದಾರೆ. ಕಾವಲಿನವರು ಸೀಟಿ ಊದಿದರೆ ಹಿಂದೆ ಬನ್ನಿ. ಮಕ್ಕಳು ಜೊತೆಗಿದ್ದರೆ ಒಂದು ಕಂಬದ ಮೂಲೆಗಳನ್ನು ಎಣಿಸಲು ಹೇಳಿ, ನೈಋತ್ಯಕ್ಕೆ ಕೈ ತೋರಿಸಿ ಮಡಗಾಸ್ಕರ್ ಆ ಕಡೆಗಿದೆ ಎನ್ನಿ.