ನಿಮಗಿದು ಗೊತ್ತೆ? ಇಳಕಲ್ಲಿನ ಕೆಂಗಲ್ಲೂ ಕೊರೆಯುವವನ ಉಸಿರೂ

ಇಳಕಲ್ ಎಂದೊಡನೆ ಸೀರೆಯನ್ನು ನೆನೆಯುವ ನಾವು, ಅದೇ ಊರಿನ ಹೆಸರನ್ನು ಕಡಲಾಚೆಗೂ ಒಯ್ದ ಕೆಂಪು ಗ್ರಾನೈಟು ತನ್ನನ್ನು ಕೊರೆಯುವವನ ಶ್ವಾಸಕೋಶದಲ್ಲಿ ಏನನ್ನುಳಿಸಿ ಹೋಗುತ್ತದೆಂಬುದನ್ನು ಅಷ್ಟಾಗಿ ಯೋಚಿಸಿರಲಾರೆವು.

ವಾಯುಮಾಲಿನ್ಯವು ಅನಿಲರೂಪ, ಕಣರೂಪವೆಂದು ಎರಡು ಬಗೆ. ಬಾಗಲಕೋಟೆಯ ಬೀದಿಗಳಲ್ಲಿ ವಾಹನಗಳ ಹೊಗೆ ಇವೆರಡನ್ನೂ ಕೂಡಿಯೇ ತರುವುದಾದರೆ, ಹುನಗುಂದ–ಇಳಕಲ್ ಸೀಮೆಯ ಕಲ್ಲುಗಣಿಗಳಲ್ಲಿ ಕಣಗಳದೇ ಪ್ರಾಬಲ್ಯ. ಗ್ರಾನೈಟಿನ ಐದನೆಯ ಒಂದು ಪಾಲಿಗೂ ಮಿಗಿಲಾಗಿ ಬೆಣಚು, ಅರ್ಥಾತ್ ಸಿಲಿಕಾ, ಇರುತ್ತದೆ. ಬೇವಿನೆಲೆಯ ಮೇಲೆ ಕುಳಿತು, ಬೆರಳಿಟ್ಟರೆ ಗೆರೆ ಮೂಡುವಷ್ಟು ದಪ್ಪನಾಗಿ ಅದರ ಪತ್ರರಂಧ್ರಗಳನ್ನು ಮುಚ್ಚುವ ಧೂಳು ನಮ್ಮ ಮೂಗು ಗಂಟಲುಗಳಲ್ಲೇ ಬಹುಮಟ್ಟಿಗೆ ತಡೆಯಲ್ಪಡುತ್ತದೆ. ಕಣ್ಣಿಗೆ ಕಾಣದ, 5 ಮೈಕ್ರಾನಿಗಿಂತ ಕಿರಿದಾದ ಕಣವಾದರೋ, ಮುಖಕ್ಕೆ ಸುತ್ತಿದ ಟವೆಲ್ಲಿನ ನೂಲೆಳೆಗಳ ನಡುವೆ ನುಸುಳಿ, ಶ್ವಾಸಕೋಶದ ಕೊನೆಯ ಗಾಳಿಗೂಡುಗಳನ್ನು ಸೇರಿ, ತನ್ನನ್ನು ನುಂಗಬಂದ ರಕ್ಷಕಕೋಶಗಳನ್ನೇ ಕೊಂದು, ಅಲ್ಲಿ ಗಟ್ಟಿ ಕಲೆಯನ್ನು ಬೆಳೆಸುತ್ತದೆ. ಇದೇ ಸಿಲಿಕೋಸಿಸ್. ಇದನ್ನು ಗುಣಪಡಿಸುವ ಔಷಧವಿಲ್ಲ. ಕ್ಷಯವೂ ಸುಲಭವಾಗಿ ಬೆನ್ನುಹತ್ತುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳಲ್ಲಿ ಸಿಲಿಕೋಸಿಸನ್ನೂ ಸೇರಿಸಿತ್ತು.

ಕ್ರಿ.ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯ ಮರಳುಗಲ್ಲೂ ಬಹುಪಾಲು ಸಿಲಿಕಾವೇ. ಆದರೆ ಅಂದಿನ ಉಳಿ ಎಬ್ಬಿಸುತ್ತಿದ್ದ ಧೂಳಿಗೂ ಇಂದಿನ ಯಂತ್ರ ಒಂದು ಗಳಿಗೆಯಲ್ಲಿ ಎಬ್ಬಿಸುವ ಧೂಳಿಗೂ ಹೋಲಿಕೆಯೇ ಇಲ್ಲ. ಕೊರೆಯುವ ಮೊನೆಗೆ ನೀರು ಹಾಯಿಸಿದರೆ ಧೂಳಿನ ಬಹುಭಾಗವು ಮೇಲೇಳದೆ ಕೆಸರಾಗಿ ಅಲ್ಲೇ ಇಳಿಯುತ್ತದೆ.