ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಗಿನ ಆರೂವರೆಗೆ ನಮ್ಮ ವಾಚನಾಲಯದ ಸದಸ್ಯರೊಬ್ಬರಿಗೆ ಕುಂದಾಪುರದ ಕಡೆಯ ಮನೆಯಿಂದ ಫೋನು ಬಂತು. ತಾಯಿ ತೀರಿಕೊಂಡಿದ್ದರು. "ಎಷ್ಟು ಹೊತ್ತಿಗೆ ಮುಟ್ಟುತ್ತೀಯಾ ಮಾರಾಯಾ? ನಿನಗೆ ಕಾಯುವುದೋ ಹೇಗೆ?" ಎಂದು ಅಣ್ಣ ಕೇಳಿದರು. ಮುಂಬಯಿ ನಿಲ್ದಾಣಕ್ಕೂ ಮಂಗಳೂರಿನ ಬಜ್ಪೆ ನಿಲ್ದಾಣಕ್ಕೂ ಅಂತರ ಸುಮಾರು 715 ಕಿಲೋಮೀಟರು. ವಿಮಾನದ ವೇಗ ಗಂಟೆಗೆ 800ಕ್ಕೂ ಮಿಗಿಲು. ಒಂದು ಗಂಟೆಯೂ ಬೇಡವೆಂದು ಲೆಕ್ಕ ಹೇಳಿದವರಲ್ಲಿ ನಾವೂ ಇದ್ದೆವು. ಅವರು "ಹನ್ನೆರಡರೊಳಗೆ ಬಂದೆ" ಎಂದುಬಿಟ್ಟರು. ಊರವರು ಎರಡರವರೆಗೆ ಕಾದರು. ಇವರು ಅಂಗಳಕ್ಕೆ ಕಾಲಿಟ್ಟಾಗ ಮೂರು ಹೊಡೆದಿತ್ತು.

ನಮ್ಮ ಲೆಕ್ಕ ತಪ್ಪಿದ್ದೆಲ್ಲಿ ಎಂಬುದನ್ನು ಆಮೇಲೆ ಕುಳಿತು ತಿಳಿದುಕೊಂಡೆವು.

715 ಎಂಬುದು ಭೂಗೋಲದ ಮೇಲೆ ನೂಲು ಬಿಗಿದು ಅಳೆದ ಅಂತರ. ವಿಮಾನ ಆ ನೂಲಿನ ಮೇಲೆಯೇ ಹಾರುವುದಿಲ್ಲ. ಗಾಳಿಗೆದುರಾಗಿ ಏರುವುದು ಅದರ ಕ್ರಮ. ಮುಂಬಯಿಯಲ್ಲಿ ಹೆಚ್ಚಾಗಿ ಪಡುವಣಕ್ಕೆ, ಸಮುದ್ರದ ಕಡೆಗೆ ಏರಿ, ಅನಂತರ ತೆಂಕಣಕ್ಕೆ ತಿರುಗುತ್ತದೆ. 800ರ ವೇಗವಾದರೂ ತೀರ ಮೇಲಕ್ಕೆ ಹೋದ ಮೇಲಿನ ಮಾತು. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ ಗಂಟೆಗೆ 460 ಕಿಲೋಮೀಟರು ಮೀರುವಂತಿಲ್ಲ. ಏರಲು ಇಪ್ಪತ್ತು ನಿಮಿಷ, ಇಳಿಯಲು ಇನ್ನಿಪ್ಪತ್ತು; ಇಷ್ಟು ಹತ್ತಿರದ ಪಯಣದಲ್ಲಿ ಅರ್ಧ ಹೊತ್ತು ಅದಕ್ಕೇ ಸಲ್ಲುತ್ತದೆ.

ಟಿಕೇಟಿನಲ್ಲಿ ಮಾತ್ರ ಒಂದೂವರೆ ಗಂಟೆಗೂ ಹೆಚ್ಚು ಬರೆದಿರುತ್ತದೆ. ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ ಇನ್ನೊಂದೂರಿನಲ್ಲಿ ಬಂದು ನಿಲ್ಲುವತನಕದ ಹೊತ್ತು ಅದು. ಗಿರಣಿಯಲ್ಲಿ ಹಾಜರಿ ಬರೆಯುವ ನಮಗೆ ಇದು ಹೊಸತಲ್ಲ. ಕಾರ್ಮಿಕನ ಪಾಳಿಯನ್ನು ಗೇಟಿನಿಂದ ಗೇಟಿಗೆ ಹಿಡಿಯುತ್ತೇವೆ, ಮಗ್ಗ ಓಡಿದ ಹೊತ್ತನ್ನಷ್ಟೇ ಅಲ್ಲ. ಮುಂಬಯಿ ನಿಲ್ದಾಣದ ಎರಡು ಓಡುದಾರಿಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಏಕಕಾಲಕ್ಕೆ ಎರಡರಲ್ಲೂ ವಿಮಾನ ಬಿಡಲಾಗದು. ಸರದಿಯಲ್ಲಿ ನಿಲ್ಲುವ ಈ ಹೊತ್ತನ್ನು ಕಂಪೆನಿಯವರು ಮೊದಲೇ ಸೇರಿಸಿರುತ್ತಾರೆ. ಕೆಲವೊಮ್ಮೆ "ಹತ್ತು ನಿಮಿಷ ಮುಂಚೆಯೇ ತಲಪಿದೆವು" ಎಂದು ಅವರು ಹಿಗ್ಗುವುದರ ಗುಟ್ಟೂ ಇದೇ!

ಈಗ ಮನೆಯಿಂದ ಮನೆಗೆ ಲೆಕ್ಕ ಹಿಡಿಯೋಣ. ಉಪನಗರದ ಮನೆಯಿಂದ ನಿಲ್ದಾಣಕ್ಕೆ ಒಂದೂವರೆ ಗಂಟೆ. ಅಲ್ಲಿ ತಪಾಸಣೆಗಾಗಿ ಎರಡು ಗಂಟೆ ಮೊದಲಿರಬೇಕು. ವಿಮಾನಕ್ಕೆ ಒಂದು ಗಂಟೆ ನಲವತ್ತು ನಿಮಿಷ. ಇಳಿದು ಹೊರಬರಲು ಅರ್ಧ ಗಂಟೆ. ಬಜ್ಪೆಯಿಂದ ಕುಂದಾಪುರಕ್ಕೆ ಸುಮಾರು ನೂರು ಕಿಲೋಮೀಟರು, ಮಳೆಯಲ್ಲಿ ಎರಡೂವರೆ ಗಂಟೆ. ಒಟ್ಟು ಎಂಟು ಗಂಟೆ ಹತ್ತು ನಿಮಿಷ, ಅದೂ ಹೊತ್ತಿಗೆ ಸರಿಯಾದ ವಿಮಾನದಲ್ಲಿ ಜಾಗ ಸಿಕ್ಕಿದರೆ. ಮೊದಲೇ ಮೂರು ಗಂಟೆ ಎಂದಿದ್ದರೆ ಊರವರು ಇನ್ನೊಂದು ಗಂಟೆ ಕಾಯುತ್ತಿದ್ದರೋ ಏನೋ.

ಆದ್ದರಿಂದ ಟಿಕೇಟು ಕೈಗೆ ಬರುವ ಮೊದಲು ಊರಿಗೆ ಹೊತ್ತು ಹೇಳಬೇಡಿ. ವಿಮಾನ ಹೊರಟಾಗ ಒಮ್ಮೆ, ಬಜ್ಪೆಯಲ್ಲಿ ಇಳಿದಾಗ ಇನ್ನೊಮ್ಮೆ ಫೋನು ಮಾಡಿ. ಬಜ್ಪೆಯದು ಗುಡ್ಡದ ನೆತ್ತಿಯ ನಿಲ್ದಾಣ. ಆಷಾಢದ ಮೋಡ ಕವಿದರೆ ವಿಮಾನವನ್ನು ಬೆಂಗಳೂರಿಗೋ ಬೇರೆಡೆಗೋ ತಿರುಗಿಸುವುದುಂಟು. ಬೆಂಗಳೂರಿನಲ್ಲೇ ಇಳಿಯಬೇಕಾಗಿ ಬಂದರೆ ಘಟ್ಟ ಇಳಿದು ಮಂಗಳೂರು ಸೇರಲು ಸುಮಾರು 350 ಕಿಲೋಮೀಟರು ರಸ್ತೆ. ಅಂಥ ದಿನ ಅದನ್ನೂ ಮನೆಯವರಿಗೆ ಮೊದಲೇ ತಿಳಿಸಿರಿ.