ಚಿತ್ತರಂಜನದ ಇಂಜಿನ್‌, ಆರು ಸಾವಿರ ಕುದುರೆ

ಹೌರಾದಿಂದ ಪಟ್ನಾ ಮಾರ್ಗವಾಗಿ ದೆಹಲಿಗೆ ಹೋಗುವವರಿಗೆ ಅಸನ್ಸೋಲ್ ದಾಟಿದ ಮೇಲೆ ಚಿತ್ತರಂಜನ್ ಎಂಬ ಸ್ಟೇಷನ್ ಸಿಗುತ್ತದೆ. ಸ್ಟೇಷನ್ ಇರುವುದು ಜಾರ್ಖಂಡ್‌ನ ಮಿಹಿಜಾಮ್‌ನಲ್ಲಿ. ಅದಕ್ಕೆ ಹೆಸರು ಕೊಟ್ಟ ಕಾರ್ಖಾನೆ ಮಾತ್ರ ಗಡಿಯಾಚೆ, ಪಶ್ಚಿಮ ಬಂಗಾಳದ ಪಾಲು. ನಮ್ಮ ಬೆಂಗಳೂರು, ಹುಬ್ಬಳ್ಳಿಯ ಪ್ಲಾಟ್‌ಫಾರಂಗಳಿಗೆ ಬಂದು ನಿಲ್ಲುವ ಎಷ್ಟೋ ವಿದ್ಯುತ್ ಇಂಜಿನ್‌ಗಳ ತವರು ಇದು.

ಕಾರ್ಖಾನೆ ಮೊದಲು ಕಲ್ಕತ್ತೆಗೆ ಹತ್ತಿರದ ಕಾಂಚ್ರಾಪಾಡಾ ಬಳಿ ಏಳಬೇಕಿತ್ತು. ದೇಶ ವಿಭಜನೆ ಆ ಲೆಕ್ಕಾಚಾರವನ್ನು ಕೆಡಿಸಿತು. ಹಾಗೆಂದು ಇಂಜಿನ್ ಕಟ್ಟುವ ಕಸುಬು ಈ ನೆಲಕ್ಕೆ ಹೊಸದೇನಲ್ಲ. ಅಜ್ಮೇರ್‌ನ ವರ್ಕ್‌ಶಾಪ್ 1895ರಲ್ಲೇ ಒಂದು ಮೀಟರ್‌ಗೇಜ್ ಇಂಜಿನ್ ಕಟ್ಟಿತ್ತು, ಅದರ ಬೆನ್ನಿಗೇ ಬಿಹಾರದ ಜಮಾಲ್‌ಪುರವೂ ಕೈ ಹಾಕಿತ್ತು. ಆದರೂ ಬ್ರಿಟಿಷರ ಕಾಲದಲ್ಲಿ ಹೆಚ್ಚಿನ ಇಂಜಿನ್‌ಗಳು ಹಡಗಿನಲ್ಲೇ ಬಂದಿಳಿದವು. ಚಿತ್ತರಂಜನದಲ್ಲಿ ಕೆಲಸ ಆರಂಭವಾದದ್ದು 1950ರ ಜನವರಿ 26ರಂದು. ಅದೇ ವರ್ಷ ನವೆಂಬರ್ 1ರಂದು ಇಲ್ಲಿನ ಮೊದಲ ಉಗಿ ಇಂಜಿನ್ 'ದೇಶಬಂಧು'ವನ್ನು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ನಾಡಿಗೆ ಅರ್ಪಿಸಿದರು. 1972ರ ಹೊತ್ತಿಗೆ 2351 ಉಗಿ ಇಂಜಿನ್‌ಗಳು ಹೊರಬಿದ್ದು ಆ ಅಧ್ಯಾಯ ಮುಗಿಯಿತು. ಅಷ್ಟರಲ್ಲಿ ವಿದ್ಯುತ್ ಇಂಜಿನ್ ಆಗಲೇ ಬಂದಾಗಿತ್ತು: ಮೊದಲನೆಯ 'ಲೋಕಮಾನ್ಯ'ಕ್ಕೆ 1961ರಲ್ಲಿ ಚಾಲನೆ ಕೊಟ್ಟವರು ನೆಹರೂ.

1980ರಲ್ಲಿ ರಾಜಧಾನಿ ಎಕ್ಸ್‌ಪ್ರೆಸ್‌ನಂಥ ಗಾಡಿಗಳಿಗೆಂದು ಕಟ್ಟಿದ ಡಬ್ಲ್ಯುಎಪಿ-1 ಇಂಜಿನ್‌ಗೆ 3760 ಅಶ್ವಶಕ್ತಿ. ಇಂದಿನ ಡಬ್ಲ್ಯುಎಪಿ-7ಕ್ಕೆ 6350. ನಡುವೆ ನಡೆದದ್ದು ಬರೀ ಮೋಟಾರ್ ದೊಡ್ಡದಾದ ಕಥೆಯಲ್ಲ. ಹಳೆಯ ಇಂಜಿನ್‌ಗಳು ತಂತಿಯಿಂದ ಎಸಿ ವಿದ್ಯುತ್ ಪಡೆದು, ಅದನ್ನು ಡಿಸಿಗೆ ಬದಲಿಸಿ ಮೋಟಾರ್‌ಗೆ ಉಣಿಸುತ್ತಿದ್ದವು. ಆ ಮೋಟಾರ್‌ನಲ್ಲಿ ಕಾರ್ಬನ್ ಬ್ರಷ್ ಸವೆಯುತ್ತದೆ, ಕಾವೂ ಹೆಚ್ಚು. ತೊಂಬತ್ತರ ದಶಕದಲ್ಲಿ ಎಬಿಬಿ ಕಂಪನಿಯಿಂದ ಪಡೆದ ತಂತ್ರಜ್ಞಾನದೊಂದಿಗೆ ತ್ರೀ ಫೇಸ್ ಮೋಟಾರ್ ಬಂತು. ಅದರಲ್ಲಿ ಬ್ರಷ್ ಇಲ್ಲ. ಬ್ರೇಕ್ ಹಾಕಿದಾಗ ಅದೇ ಮೋಟಾರ್ ಜನರೇಟರ್ ಆಗಿ ಕರೆಂಟನ್ನು ತಂತಿಗೇ ವಾಪಸ್ ಕೊಡುತ್ತದೆ. 1998ರಲ್ಲಿ ಹೊರಬಂದ 'ನವಯುಗ್' ಎಂಬ ಡಬ್ಲ್ಯುಎಜಿ-9, ಚಿತ್ತರಂಜನದಲ್ಲಿ ಕಟ್ಟಿದ ಈ ಪೀಳಿಗೆಯ ಮೊದಲ ಇಂಜಿನ್.

ಸುದ್ದಿಯ ತಲೆಬರಹಗಳಿಗೆ ಅಶ್ವಶಕ್ತಿಯೆಂದರೆ ಪ್ರಾಣ. ನನ್ನ ಮಟ್ಟಿಗೆ ಅದು ಅರ್ಧ ಕಥೆ. ಡಬ್ಲ್ಯುಎಪಿ-7 ಪ್ಯಾಸೆಂಜರ್ ಗಾಡಿಯದು, ಡಬ್ಲ್ಯುಎಜಿ-9 ಗೂಡ್ಸಿನದು. ಎರಡೂ ಹೆಚ್ಚುಕಡಿಮೆ ಒಂದೇ ಯಂತ್ರ, ತೂಕವೂ ಒಂದೇ, 123 ಟನ್. ಬದಲಾಗಿರುವುದು ಮುಖ್ಯವಾಗಿ ಗೇರಿನ ಹಲ್ಲುಗಳ ಲೆಕ್ಕ. ಅಷ್ಟಕ್ಕೇ ಗೂಡ್ಸ್ ಇಂಜಿನ್ ನಿಂತಲ್ಲಿಂದ ಸುಮಾರು 460 ಕಿಲೋನ್ಯೂಟನ್ ಬಲದಲ್ಲಿ ಎಳೆಯುತ್ತದೆ, ವೇಗ ಮಾತ್ರ ಗಂಟೆಗೆ ನೂರು ಕಿಲೋಮೀಟರ್. ಪ್ಯಾಸೆಂಜರ್ ಇಂಜಿನ್ 140ರ ವೇಗದಲ್ಲಿ ಓಡುತ್ತದೆ, ಎಳೆತ 320ರ ಆಸುಪಾಸಿಗೆ ಇಳಿಯುತ್ತದೆ. ಇನ್ನೂ ಒಂದು ತೊಡಕಿದೆ. ಕೆಸರಿನಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರಿನ ಚಕ್ರದಂತೆ, ಬಲ ಹಿಡಿತವನ್ನು ಮೀರಿದರೆ ಇಂಜಿನ್ ಚಕ್ರವೂ ಇದ್ದಲ್ಲೇ ಸುತ್ತುತ್ತದೆ. ಅದಕ್ಕೇ ಗೂಡ್ಸ್ ಇಂಜಿನ್‌ಗೆ ಆಮೇಲೆ ಬೇಕೆಂದೇ ತೂಕ ಸೇರಿಸಿ 132 ಟನ್‌ಗೆ ಏರಿಸಿದ್ದು; ಅದಕ್ಕೇ ಇಷ್ಟೆಲ್ಲ ಎಲೆಕ್ಟ್ರಾನಿಕ್ಸ್ ಬಂದರೂ ಚಕ್ರದ ಮುಂದೆ ಹಳಿಗೆ ಮರಳು ಸುರಿಸುವ ಪೆಟ್ಟಿಗೆ ಉಳಿದುಕೊಂಡಿರುವುದು.

ಈಗ ಚಿತ್ತರಂಜನ ಒಂಟಿಯಲ್ಲ. 1964ರಿಂದ ಡೀಸೆಲ್ ಇಂಜಿನ್ ಕಟ್ಟುತ್ತಿದ್ದ ವಾರಾಣಸಿಯ ಕಾರ್ಖಾನೆ ವಿದ್ಯುತ್ತಿನತ್ತ ಹೊರಳಿದೆ, ಪಟಿಯಾಲವೂ ಅದೇ ಹಾದಿಯಲ್ಲಿದೆ. ಬಿಹಾರದ ಮಧೇಪುರದಲ್ಲಿ ಫ್ರಾನ್ಸಿನ ಆಲ್‌ಸ್ಟಮ್ ಜೊತೆಗೂಡಿ ಕಟ್ಟುವ ಡಬ್ಲ್ಯುಎಜಿ-12ಕ್ಕೆ 12,000 ಅಶ್ವಶಕ್ತಿ. ಅದು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಜೋಡಿ ಇಂಜಿನ್, ಎಂಟು ಅಚ್ಚುಗಳ ಮೇಲೆ 180 ಟನ್. ಅದೇ ರಾಜ್ಯದ ಮಢೌರಾದಲ್ಲಿ 4500 ಮತ್ತು 6000 ಅಶ್ವಶಕ್ತಿಯ ಡೀಸೆಲ್ ಇಂಜಿನ್‌ಗಳು ತಯಾರಾಗುತ್ತವೆ. 2025ರಲ್ಲಿ ಅಲ್ಲಿಂದ ಆಫ್ರಿಕಾದ ಗಿನಿ ದೇಶಕ್ಕೂ ರಫ್ತು ಶುರುವಾಯಿತು. ಅದೇ ವರ್ಷ ಗುಜರಾತಿನ ದಾಹೋದ್‌ನಲ್ಲಿ 9000 ಅಶ್ವಶಕ್ತಿಯ ವಿದ್ಯುತ್ ಇಂಜಿನ್ ಕಟ್ಟುವ ಕಾರ್ಖಾನೆ ಉದ್ಘಾಟನೆಯಾಯಿತು.

ಈ ಅಂಕಿಗಳ ಪರೀಕ್ಷೆ ನಡೆಯುವುದು ಘಾಟಿಯಲ್ಲಿ. ಗೋವಾದ ಕುಳೆಯಿಂದ ನಮ್ಮ ಕ್ಯಾಸಲ್‌ರಾಕ್‌ಗೆ ಏರುವ ದಾರಿಯಲ್ಲಿ 37 ಅಡಿಗೆ ಒಂದಡಿ ಏರು. ಬಂದರಿನಿಂದ ಕಲ್ಲಿದ್ದಲು ಹೊತ್ತು ಬಳ್ಳಾರಿ ಕಡೆಗೆ ಬರುವ ಗಾಡಿಗೆ ಮುಂದೆ ಇಂಜಿನ್ ಇದ್ದರೆ ಸಾಲದು, ಹಿಂದಿನಿಂದ ತಳ್ಳಲು ಬ್ಯಾಂಕರ್‌ಗಳೂ ಬೇಕು. ಹುಬ್ಬಳ್ಳಿ ಶೆಡ್‌ನ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ವರ್ಗದ ಡೀಸೆಲ್‌ಗಳು ಈ ಕೆಲಸ ಬಹಳ ವರ್ಷ ಮಾಡಿವೆ. ಎಲ್ಲ ಇಂಜಿನ್‌ಗಳನ್ನೂ ಮುಂದೆಯೇ ಕಟ್ಟಬಹುದಲ್ಲ ಎಂದು ಯಾರಿಗಾದರೂ ಅನ್ನಿಸೀತು. ಆಗ ಇಡೀ ಗಾಡಿಯ ಭಾರ ಮುಂದಿನ ವ್ಯಾಗನ್‌ಗಳ ಕಪ್ಲಿಂಗ್ ಮೇಲೆ ಬೀಳುತ್ತದೆ, ಮೊದಲು ತುಂಡಾಗುವುದು ಅದೇ.